‘ಮನೆಗೆ ಕರ್ಕೊಂಡು ಹೋಗಿ’ ಅಂತ ವಾರ್ಡಿನಿಂದ ಫೋನ್ ಬಂದಾಗ

ನಾನು ಆಸ್ಪತ್ರೆಯಿಂದ ಹನ್ನೊಂದನೇ ದಿನ ಚಿಕಿತ್ಸೆ ಬಿಟ್ಟು ಎದ್ದು ಬಂದವಳು. ಡಾಕ್ಟರ್ ಬೇಡ ಅಂದರೂ ‘ನನ್ನ ಜವಾಬ್ದಾರಿಯ ಮೇಲೆ ಹೋಗುತ್ತಿದ್ದೇನೆ’ ಅನ್ನೋ ಹಾಳೆಗೆ ಸಹಿ ಹಾಕಿದೆ. ನನಗಿದ್ದದ್ದು ಅನೊರೆಕ್ಸಿಯಾ, ಅಂದರೆ ದಪ್ಪಗಾಗುವ ಭಯಕ್ಕೆ ಊಟ ಬಿಟ್ಟು ಸೊರಗುವ ಮಾನಸಿಕ ಕಾಯಿಲೆ. ಏಳು ತಿಂಗಳಾದ ಮೇಲೆ ಅದೇ ವಾರ್ಡಿಗೆ ವಾಪಸ್ ಬಂದೆ, ಮೊದಲಿಗಿಂತ ಸೊರಗಿ. ಆ ಸಲ ಕೊನೆವರೆಗೂ ಇದ್ದೆ. ಈಗ ದಾಖಲಾಗುವವರಿಗೂ ಅವರ ಮನೆಯವರಿಗೂ ಇದನ್ನು ಬರೆಯುತ್ತಿದ್ದೇನೆ.

ಎದ್ದು ಹೋದವರ ಬಗ್ಗೆ ‘ವಾಸಿಯಾಗೋ ಮನಸ್ಸೇ ಇಲ್ಲ’ ಅನ್ನುತ್ತಾರೆ. ಅನೊರೆಕ್ಸಿಯಾಕ್ಕೆ ಆಸ್ಪತ್ರೆ ಸೇರಿದವರಲ್ಲಿ ಸುಮಾರು 20ರಿಂದ 50% ಜನ ಮಧ್ಯದಲ್ಲೇ ಬಿಡುತ್ತಾರೆ ಅಂತ ಅಧ್ಯಯನಗಳು ಹೇಳುತ್ತವೆ. ಅಷ್ಟೂ ಜನಕ್ಕೆ ಮನಸ್ಸಿಲ್ಲವಾ? ಜ್ವರಕ್ಕೆ ಮಾತ್ರೆ ನುಂಗಿದರೆ ಹಾಯೆನಿಸುತ್ತದೆ. ಇಲ್ಲಿ ಮಾತ್ರೆ ಅಂದರೆ ಊಟ. ನಮಗೆ ಭಯ ಇರೋದೇ ಅದರ ಮೇಲೆ. ಮೊದಲು ಎಲ್ಲ ಕೆಟ್ಟಂತೆ ಅನಿಸಿ, ಆಮೇಲೆ ಸರಿಹೋಗುವ ಚಿಕಿತ್ಸೆ ಇದು.

ಹಾಗಾಗಿ ಸೇರುವ ದಿನವೇ ಡಾಕ್ಟರನ್ನು ಕೂರಿಸಿಕೊಂಡು ಕೇಳಿ: ಮೊದಲ ಎರಡು ವಾರ ಮೈಗೆ ಏನೇನಾಗುತ್ತದೆ? ನಾನು ಕೇಳಿರಲಿಲ್ಲ. ಐದನೇ ದಿನ ಕಾಲುಚೀಲ ತೆಗೆದರೆ ಕಣಕಾಲಿನ ಸುತ್ತ ಆಳವಾದ ಗೆರೆ. ಬೆರಳಿಂದ ಒತ್ತಿದೆ, ಗುಂಡಿ ಹಾಗೇ ಉಳಿಯಿತು. ‘ಐದೇ ದಿನಕ್ಕೆ ಇಷ್ಟು ಕೊಬ್ಬಾ!’ ಅಂತ ರಾತ್ರಿಯೆಲ್ಲ ಅತ್ತೆ. ಅದು ಕೊಬ್ಬಲ್ಲ, ನೀರು. ಉಪವಾಸವಿದ್ದ ದೇಹಕ್ಕೆ ಊಟ ಶುರುವಾದಾಗ ಹೀಗೆ ಬಾವು ಬರುವುದುಂಟು, ಆಮೇಲೆ ಇಳಿಯುತ್ತದೆ. ಆದರೂ ನರ್ಸಿಗೆ ತಪ್ಪದೆ ತೋರಿಸಿ. ಜಠರ ನಿಧಾನವಾಗಿರುತ್ತದೆ, ಅದಕ್ಕೇ ಅರ್ಧ ತಟ್ಟೆಗೇ ಹೊಟ್ಟೆಯಲ್ಲಿ ಕಲ್ಲಿಟ್ಟಂತೆ ಆಗುತ್ತದೆ. ತೂಕ ಮೊದಲು ಹೊಟ್ಟೆಯ ಸುತ್ತ ಕೂರುತ್ತದೆ, ಮೈಗೆಲ್ಲ ಹರಡಲು ತಿಂಗಳುಗಟ್ಟಲೆ ಬೇಕು. ರಾತ್ರಿ ಬೆವರಬಹುದು. ಪದೇ ಪದೇ ರಕ್ತ ತೆಗೆಯುವುದೂ ಸುಮ್ನೆ ಅಲ್ಲ. ಈ ದಿನಗಳಲ್ಲಿ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ ದಿಢೀರನೆ ಕುಸಿದು ಹೃದಯಕ್ಕೇ ಕುತ್ತು ಬರಬಹುದು. ಓಡಿಹೋಗಬೇಕು ಅನಿಸೋದೂ ಈ ದಿನಗಳಲ್ಲೇ, ನೋಡಿ.

ತಲೆಯ ವಿಷಯಕ್ಕೆ ಬಂದರೆ, 1944-45ರಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ 36 ಆರೋಗ್ಯವಂತ ಗಂಡಸರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಸಿಡುಕು, ಖಿನ್ನತೆ, ಮೂರು ಹೊತ್ತೂ ಊಟದ್ದೇ ಧ್ಯಾನ. ಹಸಿದ ತಲೆ ಹಾಗೇ ಓಡೋದು. ಆ ತಲೆಯಿಂದಲೇ ನಾನು ‘ಮನೆಯಲ್ಲಿ ನಾನೇ ತಿನ್ನುತ್ತೇನೆ’ ಅಂತ ಸಹಿ ಹಾಕಿದ್ದು.

ಇನ್ನು ಹೊತ್ತು ನೋಡಿ. ನನಗೆ ಹೋಗಬೇಕು ಅನಿಸುತ್ತಿದ್ದದ್ದು ಯಾವಾಗಲೂ ರಾತ್ರಿ ಊಟ ಮುಗಿದ ಮೇಲೆ. ಆಗ ಒಂದು ಗಂಟೆ ಎದ್ದು ಓಡಾಡುವ ಹಾಗಿಲ್ಲ, ಬಾತ್‌ರೂಮಿಗೂ ಬಿಡುವುದಿಲ್ಲ, ಗೋಡೆ ಗಡಿಯಾರ ಮಾತ್ರ ನೋಡಬೇಕು. ಅಲ್ಲಿಂದಲೇ ಫೋನ್ ಮಾಡುತ್ತಿದ್ದೆ. ಮೊದಲ ಸಲ ಅಪ್ಪ ‘ಆಯ್ತು ಮಗಳೇ, ಬರ್ತೀನಿ’ ಅಂದರು. ಪ್ರೀತಿಯಿಂದಲೇ ಅಂದದ್ದು, ಪಾಪ. ಎರಡನೇ ಸಲ ಸೇರುವ ಮುಂಚೆಯೇ ಕರಾರು ಮಾಡಿಕೊಂಡೆವು: ರಾತ್ರಿ ನಿರ್ಧಾರ ಇಲ್ಲ. ನಾನು ಕೇಳಿದ ಮೇಲೆ 24 ಗಂಟೆ ಕಳೆಯಬೇಕು, ಆಮೇಲೆ ಡಾಕ್ಟರ್ ಎದುರಿಗೆ ಕೂತು ಮಾತು. ಆಗ ಅಪ್ಪ ಫೋನಿನಲ್ಲಿ ಹೇಳುತ್ತಿದ್ದದ್ದು ಇಷ್ಟೇ: ‘ಕಷ್ಟ ಆಗ್ತಿದೆ ಅಲ್ವಾ. ನಾಳೆ ಬರ್ತೀನಿ, ಎಲ್ಲರೂ ಕೂತು ಮಾತಾಡೋಣ.’ ವಾದ ಇಲ್ಲ, ಬೈಗುಳ ಇಲ್ಲ. ಒಟ್ಟು ಆರು ಸಲ ಕೇಳಿದ್ದೆ. ನಾಲ್ಕು ಸಲ ಬೆಳಿಗ್ಗೆ ಹೊತ್ತಿಗೆ ನಾನೇ ಬೇಡ ಅಂದೆ.

ಉಳಿದ ಎರಡು ಸಲ ಕಾರಣ ನಿಜವಾದದ್ದೇ. ಒಬ್ಬ ಸಿಬ್ಬಂದಿ ‘ಮುಖ ತುಂಬಿಕೊಂಡಿದೆ, ಚೆನ್ನಾಗಿ ಕಾಣ್ತೀಯ’ ಅಂದುಬಿಟ್ಟರು. ಒಳ್ಳೆಯ ಮನಸ್ಸಿನ ಮಾತು, ನನಗೆ ಬೆಂಕಿ ಬಿದ್ದಂತಾಯಿತು. ಇನ್ನೊಂದು ಸಲ ಎದುರು ಕೂತ ಹುಡುಗಿ ನನಗಿಂತ ಕಡಿಮೆ ತಿನ್ನುತ್ತಿದ್ದದ್ದು. ಇಂಥವನ್ನು ನುಂಗಿಕೊಳ್ಳಬೇಡಿ, ಚೀಟಿಯಲ್ಲಿ ಬರೆದು ಕೊಡಿ. ಜಾಗ ಬದಲಿಸಿ ಅಂತ ಕೇಳಬಹುದು, ತೂಕದ ಯಂತ್ರಕ್ಕೆ ಬೆನ್ನು ಹಾಕಿ ನಿಲ್ಲುತ್ತೇನೆ ಅನ್ನಬಹುದು. ನನಗೆ ಎರಡೂ ಸಿಕ್ಕವು.

ಇಷ್ಟಾದರೂ ಹೊರಟೇ ಬಿಟ್ಟರೆ ಬರಿಗೈಲಿ ಬರಬೇಡಿ. ಅವತ್ತಿನ ರಕ್ತಪರೀಕ್ಷೆಯ ವರದಿ, ಔಷಧಿ ಚೀಟಿ, ಊಟದ ಪಟ್ಟಿ, ಅದೇ ವಾರದೊಳಗೆ ಡಾಕ್ಟರನ್ನು ಕಾಣುವ ದಿನ, ಇಷ್ಟನ್ನು ಕೇಳಿ ತೆಗೆದುಕೊಳ್ಳಿ. ತಲೆಸುತ್ತಿ ಬಿದ್ದರೆ, ಎದೆ ತಾಳ ತಪ್ಪಿ ಹೊಡೆದುಕೊಂಡರೆ, ಉಸಿರು ಕಟ್ಟಿದರೆ, ಮಾತು ತೊದಲಿದರೆ ಎಮರ್ಜೆನ್ಸಿಗೆ ಓಡಿ. ಮತ್ತೆ ಸೇರಿಸಿಕೊಳ್ಳುತ್ತೀರಾ ಅಂತ ಹೊರಡುವಾಗಲೇ ಕೇಳಿ. ಮುಖ ತೋರಿಸಲು ನಾಚಿಕೆ ಅಂತಲೇ ನಾನು ಏಳು ತಿಂಗಳು ಕಳೆದದ್ದು. ವಾಪಸ್ ಹೋದ ದಿನ ನರ್ಸ್ ‘ಬಂದ್ಯಾ’ ಅಂದು ಹಾಸಿಗೆ ತೋರಿಸಿದರು, ಅಷ್ಟೇ.