ಹಲಸಿನ ಸೊಳೆ ಬಿಡಿಸುತ್ತಾ ಕೇಳಿದ ಕಾಮಿಡಿ ಸಿನಿಮಾಗಳು

ಬೇಸಿಗೆ ರಜೆ ಬಂತೆಂದರೆ ಸಾಗರದ ಹತ್ತಿರದ ನಮ್ಮ ಮನೆಗೆ ಮಕ್ಕಳು ಬರುತ್ತಾರೆ. ಅಣ್ಣನ ಮಕ್ಕಳು, ತಂಗಿಯ ಮಕ್ಕಳು, ಪಕ್ಕದ ಮನೆಯವರು ಎಲ್ಲ ಸೇರಿ ಹತ್ತು ಹನ್ನೆರಡು ಜನ. ಐದು ವರ್ಷದವಳಿಂದ ಹಿಡಿದು ಹದಿಮೂರರವನ ತನಕ. ರಾತ್ರಿ ಊಟ ಆದ ಮೇಲೆ ಜಗಲಿಯ ಗೋಡೆಗೆ ಬಿಳಿ ಪಂಚೆ ಕಟ್ಟಿ, ಪುಟ್ಟ ಪ್ರೊಜೆಕ್ಟರ್‌ನಲ್ಲಿ ಸಿನಿಮಾ ಹಾಕುವುದು ನನ್ನ ಕೆಲಸ. ಆರು ವರ್ಷದಿಂದ ಮಾಡುತ್ತಿದ್ದೇನೆ. ಎಲ್ಲರೂ ಕೇಳುವುದು ಒಂದೇ: "ಕಾಮಿಡಿ ಹಾಕಿ ಅತ್ತೆ."

ಮೊದಲ ವರ್ಷ ನಾನು ಸರ್ಟಿಫಿಕೇಟ್ ಒಂದನ್ನೇ ನೋಡುತ್ತಿದ್ದೆ. 'ಯು', ಅಂದರೆ ಎಲ್ಲ ವಯಸ್ಸಿನವರೂ ನೋಡಬಹುದು ಅಂತ ಇದ್ದರೆ ಹಾಕಿಬಿಡುವುದು. ಎರಡನೇ ವರ್ಷ ಒಂದು ಹಳೆಯ ಸಿನಿಮಾ ಹಾಕಿದೆ. ಅದಕ್ಕೂ 'ಯು' ಇತ್ತು. ಕಥೆಯ ಮಧ್ಯೆ ತೊದಲುವ ಒಬ್ಬ ಬರುತ್ತಾನೆ. ಅವನು ಬಾಯಿ ತೆರೆದಾಗಲೆಲ್ಲ ಪಕ್ಕದವನು ತಲೆಗೆ ಒಂದು ಮೊಟಕುತ್ತಾನೆ, ಅವನ ಕಾಮಿಡಿ ಅಷ್ಟೇ. ಮಕ್ಕಳು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆಮೇಲೆ ಕಣ್ಣು ಪಕ್ಕಕ್ಕೆ ಹೋಯಿತು. ನಮ್ಮ ಗುಂಪಿನಲ್ಲಿ ಮಾತು ತಡವರಿಸುವ ಒಂಬತ್ತು ವರ್ಷದ ಹುಡುಗ ಇದ್ದ. ಅವನೂ ನಗುತ್ತಿದ್ದ. ಆದರೆ ಕೈ ಮಾತ್ರ ಚಾಪೆಯ ಎಳೆಗಳನ್ನು ಒಂದೊಂದಾಗಿ ಕೀಳುತ್ತಿತ್ತು. ಮರುದಿನ ಬೆಳಿಗ್ಗೆ ತಿಂಡಿಗೆ ಕೂತಾಗ ಇಬ್ಬರು ಆ ಸಿನಿಮಾದವನ ಹಾಗೆ ಮಾತಾಡಿದರು. ಎರಡು ದಿನ ಆ ಹುಡುಗ ನೀರು ಬೇಕಾದರೂ ಕೈಸನ್ನೆಯಲ್ಲೇ ಕೇಳಿದ. ಆ ಸಿನಿಮಾದ ಮುಂದೆ ಚಾಪೆ ಹಾಸಿ ಅವನನ್ನು ಕೂರಿಸಿದವಳು ನಾನು. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಅಂಗವಿಕಲರನ್ನು ಗೇಲಿ ಮಾಡುವ ದೃಶ್ಯ ಅನವಶ್ಯಕವಾಗಿ ಇರಬಾರದು ಅಂತ ಸೆನ್ಸಾರ್‌ಗೆ ಕೊಟ್ಟಿರುವ 1991ರ ಮಾರ್ಗಸೂಚಿಯಲ್ಲೇ ಇದೆ. ನಾನು ಹಾಕಿದ್ದು ಅದಕ್ಕೂ ಮೊದಲಿನ ಸಿನಿಮಾ. ಈಗ ಇನ್ನೂ ಸುಧಾರಣೆ ಆಗಿದೆ. 2023ರ ತಿದ್ದುಪಡಿಯಿಂದ 'ಯುಎ', ಅಂದರೆ ಮಕ್ಕಳು ದೊಡ್ಡವರ ಮಾರ್ಗದರ್ಶನದಲ್ಲಿ ನೋಡಬೇಕಾದದ್ದು, ಮೂರು ಭಾಗ ಆಗಿ, 7+, 13+, 16+ ಅಂತ ಬರುತ್ತದೆ. ಮೊಬೈಲ್ ಆ್ಯಪ್‌ಗಳಲ್ಲಿ ಬರುವ ಸಿನಿಮಾ, ಸೀರೀಸ್‌ಗಳಿಗೂ 2021ರ ನಿಯಮದಂತೆ ಇಂಥದೇ ವಯಸ್ಸಿನ ಗುರುತು ಇರಬೇಕು, 13+ ಮತ್ತು ಅದರ ಮೇಲಿನದಕ್ಕೆ ಲಾಕ್ ಸೌಲಭ್ಯವೂ ಇರಬೇಕು. ಇದೆಲ್ಲ ಒಳ್ಳೆಯದೇ, ನಾನೂ ಮೊದಲು ಅದನ್ನೇ ನೋಡುತ್ತೇನೆ. ಆದರೆ ನಮ್ಮ ಜಗಲಿಯಲ್ಲಿ ಯಾರು ಕೂತಿದ್ದಾರೆ ಅನ್ನುವುದು ನನಗೆ ಗೊತ್ತು, ಸರ್ಟಿಫಿಕೇಟ್ ಕೊಡುವವರಿಗೆ ಗೊತ್ತಿಲ್ಲ ಅಲ್ವಾ?

ಅಲ್ಲಿಂದ ಪ್ರತಿ ಸಿನಿಮಾವನ್ನೂ ನಾನೇ ಮೊದಲು ನೋಡಲು ಶುರು ಮಾಡಿದೆ. ಸರಿಯಾಗಿ ನೋಡುವುದು ಹೇಗೆ ಅಂತ ಕಲಿತದ್ದು ಮಾತ್ರ ಆಕಸ್ಮಿಕ. ಒಂದು ಮಧ್ಯಾಹ್ನ ಹಪ್ಪಳಕ್ಕೆ ಹಲಸಿನ ಸೊಳೆ ಬಿಡಿಸುತ್ತಾ ಕೂತಿದ್ದೆ. ಕೈಗೆಲ್ಲ ಕೊಬ್ಬರಿ ಎಣ್ಣೆ, ಮೇಣ. ಪಕ್ಕದಲ್ಲಿ ಮೊಬೈಲ್‌ನಲ್ಲಿ ಸಿನಿಮಾ ಓಡುತ್ತಿತ್ತು. ಕಣ್ಣು ಹಲಸಿನ ಮೇಲೆ, ಕಿವಿ ಮಾತ್ರ ಸಿನಿಮಾದ ಮೇಲೆ. ಹಿಂದಿನ ವಾರವಷ್ಟೇ ಅದನ್ನು ನೋಡಿ 'ಅಡ್ಡಿಯಿಲ್ಲ' ಅಂದುಕೊಂಡಿದ್ದೆ. ಈಗ ಕಿವಿಗೆ ಬಿದ್ದದ್ದೇ ಬೇರೆ. ಎರಡೆರಡು ಅರ್ಥದ ಮಾತುಗಳು ಒಂದರ ಹಿಂದೆ ಒಂದು. ಹೆಂಡತಿಯ ಬಣ್ಣದ ಬಗ್ಗೆ, ದಪ್ಪ ಇರುವವಳ ಬಗ್ಗೆ, ಹೆಣ್ಣು ನೋಡಲು ಬಂದವರ ಬಗ್ಗೆ. ನಟರ ಮುಖ ನೋಡುವಾಗ ನಗುವಿನಲ್ಲಿ ಇವೆಲ್ಲ ತೇಲಿ ಹೋಗಿದ್ದವು. ಈಗ ನಾನು ಪ್ರತಿ ಕಾಮಿಡಿಯನ್ನೂ ಒಂದು ಸಲ ಸುಮ್ನೆ ಕೇಳುತ್ತೇನೆ, ಅದೂ ಕೆಲಸ ಮಾಡುತ್ತಾ. ನಮ್ಮ ಭಾಷೆಯ ಕಾಮಿಡಿಯಲ್ಲಿ ಕೊಳೆ ಇದ್ದರೆ ಜಾಸ್ತಿ ಇರುವುದು ಮಾತಿನಲ್ಲೇ.

ಆಮೇಲೆ ಒಂದು ಸಲ ಧ್ವನಿ ಬಂದ್ ಮಾಡಿ ನೋಡುತ್ತೇನೆ. ಆಗ ಹೊಡೆತಗಳು ಕಾಣುತ್ತವೆ. ಹಿನ್ನೆಲೆಯ 'ಟುಂಯ್' 'ಢಬ್' ಸದ್ದು ತೆಗೆದರೆ ಹೊಡೆತ ಹೊಡೆತವಾಗಿಯೇ ಉಳಿಯುತ್ತದೆ. ಈ ಬುದ್ಧಿ ಬಂದದ್ದು 1990ರ 'ಹೋಮ್ ಅಲೋನ್' ಹಾಕಿದ ಮೇಲೆ. ಎಂಟು ವರ್ಷದ ಹುಡುಗ ಕಳ್ಳರಿಗೆ ಬಲೆ ಒಡ್ಡುವ ಕಥೆ. ಇಸ್ತ್ರಿಪೆಟ್ಟಿಗೆ ಒಬ್ಬನ ಮುಖದ ಮೇಲೆ ಬೀಳುತ್ತದೆ, ಇನ್ನೊಬ್ಬನ ತಲೆಗೆ ಬೆಂಕಿ ತಗಲುತ್ತದೆ. ಆದರೂ ಕಳ್ಳರು ಎದ್ದು ಬರುತ್ತಾರೆ. ಮಕ್ಕಳಿಗೆ ಪ್ರಾಣಕ್ಕಿಂತ ಇಷ್ಟವಾಯಿತು. ಮೂರನೇ ದಿನ ಹಿತ್ತಿಲ ಮೆಟ್ಟಿಲಿಗೆ ಅಡ್ಡವಾಗಿ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದರು. ಬೆಳಿಗ್ಗೆ ಹೂ ಕೊಯ್ಯಲು ಹೊರಟ ನಮ್ಮತ್ತೆ ಕಂಬ ಹಿಡಿದುಕೊಂಡದ್ದಕ್ಕೆ ಬಚಾವಾದರು. ಅವರಿಗೆ ಎಪ್ಪತ್ತೆಂಟು.

ಅಂದಿನಿಂದ ನನ್ನ ನೋಟ್‌ಬುಕ್‌ನಲ್ಲಿ ಒಂದು ಪ್ರಶ್ನೆ ಖಾಯಂ: ಇದರಲ್ಲಿ ಬರುವ ಸಾಮಾನು ನಮ್ಮ ಮನೆಯಲ್ಲಿ ಇದೆಯಾ? ವಿಮಾನದಿಂದ ಹಾರುವ ತಮಾಷೆಗೆ ನಾನು ಹೆದರುವುದಿಲ್ಲ. ಹಗ್ಗ, ಇಸ್ತ್ರಿಪೆಟ್ಟಿಗೆ, ಗ್ಯಾಸ್ ಒಲೆ, ಪ್ಲಾಸ್ಟಿಕ್ ಚೀಲ ಬಂದರೆ ಅಲ್ಲೇ ಗೆರೆ ಎಳೆಯುತ್ತೇನೆ. ಆ ಸಿನಿಮಾ ಪೂರ್ತಿ ಬೇಡ ಅಂತಲ್ಲ. ಆ ದೃಶ್ಯ ಬಂದಾಗ ನಿಲ್ಲಿಸಿ, "ನಿಜವಾಗಿ ಆದರೆ ಏನಾಗುತ್ತೆ?" ಅಂತ ಕೇಳುತ್ತೇನೆ. ಮೊದಲು ಗೊಣಗುತ್ತಿದ್ದರು. ಈಗ ಅವರೇ ನಾ ಮುಂದೆ ತಾ ಮುಂದೆ ಅಂತ ಹೇಳುತ್ತಾರೆ.

ಕುಡಿತದ ಕಾಮಿಡಿ, ಐಟಂ ಹಾಡು ಇದ್ದರೆ ಯೋಚನೆಯೇ ಮಾಡುವುದಿಲ್ಲ, ಬಿಟ್ಟುಬಿಡುತ್ತೇನೆ.

ವಯಸ್ಸಿನ ವಿಷಯದಲ್ಲಿ ನನಗೆ ಪಾಠ ಹೇಳಿದ್ದು ಚಾಪ್ಲಿನ್‌ನ 1925ರ 'ದಿ ಗೋಲ್ಡ್ ರಶ್'. ಇದಕ್ಕಿಂತ ಶುದ್ಧವಾದ ಕಾಮಿಡಿ ಎಲ್ಲಿ ಸಿಗುತ್ತದೆ ಅಂತ ಧೈರ್ಯವಾಗಿ ಹಾಕಿದೆ. ಹಸಿವಿಗೆ ಶೂ ಬೇಯಿಸಿ ತಿನ್ನುವ ದೃಶ್ಯ ನೋಡಿ ದೊಡ್ಡವರು ನಕ್ಕಿದ್ದೇ ನಕ್ಕಿದ್ದು. ಆ ಶೂ ಮಿಠಾಯಿಯಿಂದ ಮಾಡಿದ್ದಂತೆ ಅಂದಾಗ ಇನ್ನೊಂದು ಸಲ ಹಾಕಿಸಿದರು. ಆಮೇಲೆ ಹಸಿದ ಗೆಳೆಯನಿಗೆ ಚಾಪ್ಲಿನ್ ದೊಡ್ಡ ಕೋಳಿಯ ಹಾಗೆ ಕಾಣುತ್ತಾನೆ, ಆ ಗೆಳೆಯ ಗನ್ ಹಿಡಿದು ಅಟ್ಟಿಸಿಕೊಂಡು ಬರುತ್ತಾನೆ. ಹತ್ತು ವರ್ಷದವರಿಗೆ ಅದು ಭಾರೀ ಮಜಾ. ಐದು ವರ್ಷದವಳು ಮಾತ್ರ ನನ್ನ ಸೆರಗಿನೊಳಗೆ ಮುಖ ಹುದುಗಿಸಿ, "ದೊಡ್ಡಮ್ಮ, ಅವನು ಇವನನ್ನ ತಿಂತಾನಾ?" ಅಂದಳು. ಅವಳಿಗೆ ಅದು ಕನಸಿನಂಥ ಭ್ರಮೆ ಅಂತ ಹೇಗೆ ಗೊತ್ತಾಗಬೇಕು? ಆ ರಾತ್ರಿ ನನ್ನ ಪಕ್ಕದಲ್ಲೇ ಮಲಗಿದಳು. ಈಗ ಏಳು ದಾಟದವರಿಗೆ ಬೇರೆ ದಿನ, ಬೇರೆ ಸಿನಿಮಾ. ಸಿನಿಮಾ ಓಡುವಾಗ ನಾನು ಕೂರುವುದೂ ಪಂಚೆಯ ಪಕ್ಕದಲ್ಲಿ, ಮಕ್ಕಳ ಕಡೆ ಮುಖ ಮಾಡಿ.

ಆದರೂ ಸಿನಿಮಾ ಇಡಬೇಕಾ ಬಿಡಬೇಕಾ ಅಂತ ಕೊನೆಗೆ ತೀರ್ಮಾನ ಮಾಡುವಾಗ ಚಾಪೆಯ ಎಳೆ ಕಿತ್ತ ಆ ಕೈ ನೆನಪಾಗುತ್ತದೆ. ಕಪ್ಪಗಿರುವವಳು, ಕನ್ನಡಕದವನು, ಅಪ್ಪ ಇಲ್ಲದವಳು, ಓದಿನಲ್ಲಿ ಹಿಂದಿರುವವನು, ಎಲ್ಲರ ಹೆಸರನ್ನೂ ನೋಟ್‌ಬುಕ್‌ನ ಒಂದು ಬದಿಗೆ ಬರೆದುಕೊಂಡಿದ್ದೇನೆ. ಸಿನಿಮಾ ಮುಗಿದ ಮೇಲೆ ಒಂದೊಂದೇ ಹೆಸರಿನ ಮುಂದೆ ಬೆರಳಿಟ್ಟು ನೋಡುತ್ತೇನೆ. ಇವಳು ಇದನ್ನು ನೋಡಿ ಎಲ್ಲರ ಜೊತೆ ನಗುತ್ತಾಳಾ? ಒಂದು ಹೆಸರಿನ ಹತ್ತಿರ ಬೆರಳು ನಿಂತರೂ ಆ ಸಿನಿಮಾ ಪಟ್ಟಿಯಿಂದ ಹೊರಗೆ.

ಈ ಸಲ ಒಂಬತ್ತು ಸಿನಿಮಾ ನೋಡಿದ್ದೇನೆ, ಐದು ಉಳಿದಿವೆ. ಅವುಗಳಲ್ಲಿ ಒಂದನ್ನು ಇನ್ನೂ ಕಿವಿಯಲ್ಲಿ ಕೇಳಿ ಆಗಿಲ್ಲ. ನಾಳೆ ಇನ್ನೆರಡು ಹಲಸು ಬಿಡಿಸುವುದಿದೆ, ಆಗ ಕೇಳುತ್ತೇನೆ.