ಕೀವು, ಕೊಳವೆ, ಬಾಟಲಿ: ಎದೆಯ ಸರ್ಜನ್ ಒಬ್ಬನ ಅನುಭವ

ಎದೆಯ ಸರ್ಜನ್ ಅಂದ ತಕ್ಷಣ ಜನ ಕೇಳುವುದು ಒಂದೇ: "ಬೈಪಾಸ್ ಎಷ್ಟು ಮಾಡಿದೀರಿ ಸಾರ್?" ತಪ್ಪು ಅವರದಲ್ಲ. ಎಂಬಿಬಿಎಸ್ ಆದಮೇಲೆ ಮೂರು ವರ್ಷ ಜನರಲ್ ಸರ್ಜರಿ, ಮತ್ತೆ ಮೂರು ವರ್ಷ ಎಂಸಿಎಚ್, ಅಂದರೆ ಸರ್ಜರಿಯಲ್ಲಿ ಇನ್ನೂ ಮೇಲಿನ ಪದವಿ. ಆ ಎಂಸಿಎಚ್‌ನಲ್ಲಿ ಹೃದಯ, ಶ್ವಾಸಕೋಶ, ರಕ್ತನಾಳ ಎಲ್ಲವನ್ನೂ ಒಂದೇ ಗಂಟು ಕಟ್ಟಿ ಕೊಡುತ್ತಾರೆ. ನನ್ನ ಜೊತೆಯವರಲ್ಲಿ ಹೆಚ್ಚಿನವರು ಹೃದಯದ ಕಡೆ ಹೋದರು. ಹೆಸರೂ ಅಲ್ಲೇ, ದುಡ್ಡೂ ಅಲ್ಲೇ. ನಾನು ಶ್ವಾಸಕೋಶಕ್ಕೆ ಉಳಿದದ್ದು ತ್ಯಾಗವೇನಲ್ಲ. ಹೃದಯ ನಿಲ್ಲಿಸಿದಾಗ ಅದರ ಕೆಲಸ ಮಾಡುವ ಹಾರ್ಟ್-ಲಂಗ್ ಮಷಿನ್ ಓಡುತ್ತಿರುವಾಗ ನಿಮಿಷ ಎಣಿಸುತ್ತಾ ಕೆಲಸ ಮಾಡುವುದು ನನಗೆ ಒಗ್ಗಲಿಲ್ಲ, ಅಷ್ಟೇ.

ನಮ್ಮ ದೇಶದಲ್ಲಿ ಈ ವಿದ್ಯೆ ಬೇರು ಬಿಟ್ಟದ್ದೇ ಕ್ಷಯದಿಂದ. 1940ರ ದಶಕದ ಕೊನೆಗೆ ಅಮೆರಿಕದಿಂದ ಬಂದ ರೀವ್ ಬೆಟ್ಸ್ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ (ಸಿಎಂಸಿ) ಎದೆಯ ಶಸ್ತ್ರಚಿಕಿತ್ಸೆ ಶುರು ಮಾಡಿದರು. ಮಾತ್ರೆಗಳು ಬರುವ ಮುಂಚೆ ಪಕ್ಕೆಲುಬು ತೆಗೆದು ಎದೆಗೂಡನ್ನೇ ಕುಗ್ಗಿಸುತ್ತಿದ್ದ ಕಾಲವಿತ್ತು. ಈಗ ಟಿಬಿ ಬಹುಪಾಲು ಮಾತ್ರೆಯಲ್ಲೇ ವಾಸಿಯಾಗುತ್ತದೆ. ನಮ್ಮ ಬಳಿ ಬರುವುದು ಅದು ಬಿಟ್ಟುಹೋದದ್ದು: ಕೆಮ್ಮಿದರೆ ರಕ್ತ ಬರುವ, ಶ್ವಾಸಕೋಶದ ಹಳೇ ಕುಳಿ, ಮತ್ತೆ ಎದೆಯಲ್ಲಿ ತುಂಬಿದ ಕೀವು, ಅಂದರೆ ಎಂಪೈಮಾ.

ಕೀವು ತೆಳ್ಳಗಿರುವಾಗ ಬಂದರೆ ಪಕ್ಕೆಲುಬಿನ ಸಂದಿಯಲ್ಲಿ ಒಂದು ಕೊಳವೆ, ಇಲ್ಲವೇ ಎರಡು ಮೂರು ಸಣ್ಣ ತೂತು ಮಾಡಿ ಕ್ಯಾಮೆರಾದಲ್ಲಿ ನೋಡುತ್ತಾ ತೊಳೆದರೆ ಮುಗಿಯಿತು. ಆದರೆ ಊರಿನಲ್ಲಿ ಸೂಜಿ ಚುಚ್ಚಿ ತೆಗೆಸುವುದು, ಜ್ವರ ಇಳಿದಾಗ ಮನೆಗೆ ಹೋಗುವುದು, ಏರಿದಾಗ ಮತ್ತೆ ಸೂಜಿ, ಹೀಗೆ ವಾರಗಳು ಕಳೆದರೆ ಶ್ವಾಸಕೋಶದ ಮೇಲೆ ಗಟ್ಟಿ ಪೊರೆ ಕಟ್ಟಿಬಿಡುತ್ತದೆ. ಒಳಗಿನ ಶ್ವಾಸಕೋಶ ಚೆನ್ನಾಗಿದ್ದರೂ ಹಿಗ್ಗಲಾರದು. ಆಗ ಎದೆ ತೆರೆಯಲೇಬೇಕು.

ರೋಗಿಯನ್ನು ಮಗ್ಗುಲಾಗಿ ಮಲಗಿಸಿ, ಬೆನ್ನಿನಿಂದ ಪಕ್ಕೆಗೆ ಕೊಯ್ದು ಒಳಗೆ ಹೋಗುತ್ತೇವೆ. ಅನಸ್ತೇಶಿಯಾದವರು ಶ್ವಾಸನಾಳಕ್ಕೆ ಎರಡು ದಾರಿಯ ಕೊಳವೆ ಹಾಕಿರುವುದರಿಂದ ಒಂದು ಶ್ವಾಸಕೋಶಕ್ಕೆ ಗಾಳಿ ನಿಲ್ಲಿಸಬಹುದು. ಕೀವು ಹೀರಿದ ಮೇಲೆ ಅಸಲು ಕೆಲಸ, ಆ ಪೊರೆ ಬಿಡಿಸುವುದು. ಅರೆಬೆಂದ ಗೆಣಸಿನ ಸಿಪ್ಪೆ ಸುಲಿದ ಹಾಗೆ ಅದು: ಒಂದು ಕಡೆ ಹಾಳೆಯಾಗಿ ಏಳುತ್ತದೆ, ಇನ್ನೊಂದು ಕಡೆ ತಿರುಳನ್ನೂ ಕಿತ್ತುಕೊಂಡು ಬರುತ್ತದೆ. ಬೆರಳು, ಗಾಜ್ ಬಟ್ಟೆಯ ಸಣ್ಣ ಉಂಡೆ, ತಾಳ್ಮೆ ಇಷ್ಟೇ ಸಲಕರಣೆ. ದಾರಿ ತಿಳಿಯದಿದ್ದಾಗ ಅನಸ್ತೇಶಿಯಾದವರಿಗೆ "ಸ್ವಲ್ಪ ಊದಿ" ಅನ್ನುತ್ತೇನೆ. ಶ್ವಾಸಕೋಶ ಉಬ್ಬಿ ಪೊರೆಯ ಸೀಳಿನಿಂದ ಹೊರಗೆ ಇಣುಕಿದಾಗ ಎಲ್ಲಿಂದ ಬಿಡಿಸಬೇಕೆಂದು ಕಾಣುತ್ತದೆ. ಕೊನೆಗೆ ಬೆಚ್ಚನೆ ಸಲೈನ್ ಸುರಿದು, ಗಾಳಿ ಸೋರಿ ಗುಳ್ಳೆ ಏಳುತ್ತದೆಯೇ ನೋಡುತ್ತೇವೆ. ದೊಡ್ಡ ಸೋರಿಕೆಗೆ ಹೊಲಿಗೆ, ಸಣ್ಣವು ಶ್ವಾಸಕೋಶ ಪೂರ್ತಿ ಹಿಗ್ಗಿ ಎದೆಗೋಡೆಗೆ ಅಂಟಿದರೆ ತಾವೇ ಮುಚ್ಚುತ್ತವೆ.

ಆಮೇಲಿನ ದಿನಗಳು ಬಾಟಲಿಯವು. ಎದೆಯಲ್ಲಿ ಬಿಟ್ಟ ಕೊಳವೆಯ ಹೊರತುದಿ ಬಾಟಲಿಯ ನೀರಿನೊಳಗೆ ಎರಡು ಸೆಂಟಿಮೀಟರ್‌ನಷ್ಟು ಮುಳುಗಿರುತ್ತದೆ. ಗಾಳಿ ಹೊರಗೆ ಬರಬಹುದು, ಒಳಗೆ ಹೋಗಲಾರದು. ಬಾಟಲಿ ಯಾವಾಗಲೂ ಎದೆಗಿಂತ ಕೆಳಗಿರಬೇಕು. ಇದನ್ನು ಎಷ್ಟು ಸಲ ಹೇಳಿದರೂ ಕಸ ಗುಡಿಸುವಾಗ ಯಾರಾದರೂ ಎತ್ತಿ ಮಂಚದ ಮೇಲೆ ಇಟ್ಟಿರುತ್ತಾರೆ! ಗುಳ್ಳೆ ಬರುತ್ತಿರುವಾಗ ಕೊಳವೆಗೆ ಕ್ಲಾಂಪ್ ಹಾಕಿ ಎಕ್ಸ್‌ರೇಗೆ ಕಳಿಸುವುದು ಅದಕ್ಕಿಂತ ಅಪಾಯ, ಗಾಳಿ ಒಳಗೇ ತುಂಬಿ ಶ್ವಾಸಕೋಶವನ್ನು ಅದುಮುತ್ತದೆ. ರೌಂಡ್ಸ್‌ನಲ್ಲಿ ನಾನು ಮೊದಲು ಬಗ್ಗಿ ನೋಡುವುದು ರೋಗಿಯ ಮುಖವನ್ನಲ್ಲ, ಮಂಚದ ಕೆಳಗಿನ ನೀರನ್ನು. "ಒಂದ್ಸಲ ಕೆಮ್ಮಪ್ಪಾ" ಅಂದರೆ ಸಾಕು, ಸೋರಿಕೆ ಇದ್ದರೆ ಗೊತ್ತಾಗುತ್ತದೆ. ಮಂಡ್ಯ ಕಡೆಯ ಒಬ್ಬ ರೈತರಂತೂ ನಾನು ಬರುವ ಮುಂಚೆಯೇ ವರದಿ ಸಿದ್ಧ ಮಾಡಿಟ್ಟಿರುತ್ತಿದ್ದರು: "ನೆನ್ನೆ ರಾತ್ರಿಯಿಂದ ಗುಳ್ಳೆ ನಿಂತೈತೆ ಸಾ, ನೀರು ಮಾತ್ರ ಮೇಲೆ ಕೆಳಗೆ ಆಡ್ತೈತೆ." ಡ್ಯೂಟಿ ಡಾಕ್ಟರ್ ಬರೆದದ್ದಕ್ಕಿಂತ ಅದೇ ಚೆನ್ನಾಗಿತ್ತು.

ನೋವಿಗೆ ಹೆದರಿ ಉಸಿರನ್ನೇ ಗಿಡ್ಡ ಮಾಡಿಕೊಂಡು ಮಲಗುವವರನ್ನು ಎಬ್ಬಿಸಿ, ಬಾಟಲಿ ಕೈಗೆ ಕೊಟ್ಟು ವಾರ್ಡಿನಲ್ಲಿ ನಡೆಸಬೇಕು. ಇದರಲ್ಲಿ ಫಿಸಿಯೋದವರ ಪಾಲು ನನ್ನದಕ್ಕಿಂತ ಕಡಿಮೆಯೇನಲ್ಲ. ಕೊಳವೆ ತೆಗೆದ ಮೇಲೆ "ಆಪರೇಷನ್ನೇ ಆಯ್ತಲ್ಲ" ಅಂತ ಟಿಬಿ ಮಾತ್ರೆ ಬಿಡುವವರಿದ್ದಾರೆ. ಅದಕ್ಕೇ ಡಿಸ್ಚಾರ್ಜ್ ದಿನ ಮನೆಯವರನ್ನು ಎದುರಿಗೆ ಕೂರಿಸಿಕೊಂಡು, ಮಾತ್ರೆ ಯಾವ ತಿಂಗಳವರೆಗೆ ಅನ್ನುವುದನ್ನು ಅವರ ಬಾಯಲ್ಲೇ ಹೇಳಿಸಿ ಚೀಟಿ ಕೊಡುತ್ತೇನೆ.