ಮಷೀನು ಕೆಟ್ಟಿಲ್ಲ, ಮೊದಲು ಸಿಂಕಿನ ಕೆಳಗೆ ನೋಡಿ

ರಜೆಗೆ ಬಾಗಲಕೋಟೆಗೆ ಬಂದು ಹತ್ತು ದಿನ ಆಯಿತು. ನವನಗರದ ನಮ್ಮ ಮನೆಗೆ ದಿನಾ ಸಂಜೆ ಯಾರಾದರೂ ಬರುತ್ತಾರೆ. ವಿದ್ಯಾಗಿರಿಯಲ್ಲಿ ಇಂಜಿನಿಯರಿಂಗ್ ಮುಗಿಸಿ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿಗೆ ಹೊರಟ ಹುಡುಗರು, ಇಲ್ಲಾ ಅವರ ಅಪ್ಪ ಅಮ್ಮ. ವೀಸಾ, ಬಾಡಿಗೆ, ಚಳಿ, ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ, ಎಲ್ಲಾ ಕೇಳುತ್ತಾರೆ. ಪಾತ್ರೆ ತೊಳೆಯುವ ಮಷೀನು, ಅಂದರೆ ಡಿಶ್‌ವಾಷರ್ ಬಗ್ಗೆ ಒಬ್ಬರೂ ಕೇಳಿಲ್ಲ. ಆದರೆ ಅಲ್ಲಿ ಇಳಿದು ತಿಂಗಳಾಗುವಷ್ಟರಲ್ಲಿ ನನಗೆ ಬರುವ ಫೋನುಗಳಲ್ಲಿ ಅದರ ದೂರೇ ಜಾಸ್ತಿ. "ಅಣ್ಣಾ, ಮಷೀನಿನ್ಯಾಗ ನೀರು ನಿಂತೈತಿ, ಏನ್ ಮಾಡ್ಲಿ?"

ನಾನು ಲಂಡನ್ ಪಕ್ಕದ ರೆಡಿಂಗ್‌ನಲ್ಲಿ 11 ವರ್ಷದಿಂದ ಇದ್ದೇನೆ. ಮೂರು ಮನೆ ಬದಲಿಸಿದ್ದೇನೆ, ಎರಡು ಮಷೀನು ನಾನೇ ಕೂಡಿಸಿದ್ದೇನೆ. ನಾನು ನೋಡಿದ ಮಟ್ಟಿಗೆ ಬಹಳಷ್ಟು ಸಲ ಮಷೀನು ಕೆಟ್ಟಿರುವುದೇ ಇಲ್ಲ. ನೀರು ಬರುವ ದಾರಿಯೋ ಹೋಗುವ ದಾರಿಯೋ ಕಟ್ಟಿರುತ್ತದೆ. ರಿಪೇರಿಯವನು ಬಂದು ಬಾಗಿಲು ತೆಗೆದು ನೋಡಿದ್ದಕ್ಕೇ ದುಡ್ಡು ಕೇಳುತ್ತಾನೆ, ಅದೂ ಪೌಂಡಿನಲ್ಲಿ.

ಮೊದಲು ಅದು ಎಲ್ಲಿದೆ ಅಂತ ಹುಡುಕಿ. ಅಲ್ಲಿನ ಅಡುಗೆಮನೆಗಳಲ್ಲಿ ಎಷ್ಟೋ ಮಷೀನುಗಳಿಗೆ ಕಪಾಟಿನದ್ದೇ ಬಾಗಿಲು ಅಂಟಿಸಿರುತ್ತಾರೆ, ಹೊರಗಿಂದ ಗೊತ್ತೇ ಆಗಲ್ಲ. ನಮ್ಮ ಕಡೆಯ ಒಬ್ಬ ಹುಡುಗ ಎರಡು ತಿಂಗಳು ಅದನ್ನು ಕಪಾಟು ಅಂದುಕೊಂಡು ಒಳಗಿನ ಜಾಲರಿಯಲ್ಲಿ ಕಡಕ್ ರೊಟ್ಟಿ ಜೋಡಿಸಿಟ್ಟಿದ್ದ. ತಪ್ಪೇನಿಲ್ಲ ಬಿಡಿ, ರೊಟ್ಟಿ ನಿಲ್ಲಿಸಲು ಅದಕ್ಕಿಂತ ಒಳ್ಳೆ ಸ್ಟ್ಯಾಂಡ್ ನಾನೂ ನೋಡಿಲ್ಲ.

ಬಾಡಿಗೆ ಮನೆಯಾದರೆ ಮಷೀನು ಮಾಲೀಕರದ್ದು. ಏನೇ ಬಿಚ್ಚುವ ಮೊದಲು ಫೋಟೋ ತೆಗೆದು ಅವರಿಗೆ ಒಂದು ಇಮೇಲ್ ಹಾಕಿ. ಫಿಲ್ಟರ್ ತೊಳೆಯಲು ಯಾರ ಅಪ್ಪಣೆಯೂ ಬೇಡ. ಸ್ಕ್ರೂ ಬಿಚ್ಚುವುದಾದರೆ ಬೇಕು.

ಸ್ವಂತ ಮನೆ ಮಾಡಿಕೊಂಡು ಹೊಸದು ಕೂಡಿಸುವವರಿಗೆ ಈಗ ಹೇಳುತ್ತೇನೆ. ದೊಡ್ಡ ಮಷೀನಿಗೆ 60 ಸೆಂಟಿಮೀಟರ್ ಅಗಲದ ಜಾಗ ಬೇಕು, ಸಣ್ಣದಕ್ಕೆ 45. ಎತ್ತರ ಸುಮಾರು 82, ಕಾಲು ತಿರುಗಿಸಿ ಇನ್ನೂ ಸ್ವಲ್ಪ ಏರಿಸಬಹುದು. ಪ್ಲಗ್ ಹಾಕುವ ಸಾಕೆಟ್ ಮಷೀನಿನ ಹಿಂದೆ ಇರಬಾರದು, ಪಕ್ಕದ ಕಪಾಟಿನೊಳಗೆ ಕೈಗೆ ಸಿಗುವಂತೆ ಇರಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ. ಹೊಸ ಸಾಕೆಟ್ ಬೇಕಿದ್ದರೆ ಎಲೆಕ್ಟ್ರಿಷಿಯನ್‌ನನ್ನೇ ಕರೆಯಿರಿ, ಅಲ್ಲಿ ಜುಗ್ಗತನ ಮಾಡಬೇಡಿ.

ನೀರು ಬರುವ ಪೈಪಿನ ತುದಿಯ ತಿರುಪು ಮುಕ್ಕಾಲು ಇಂಚಿನದ್ದು, ಅದನ್ನು ತಣ್ಣೀರಿನ ನಳಕ್ಕೆ ಹಾಕಬೇಕು, ಬಿಸಿ ಮಾಡುವುದು ಮಷೀನಿನ ಕೆಲಸ. ಪೈಪಿನ ತುದಿಯೊಳಗೆ ರಬ್ಬರ್ ವಾಷರ್ ಇದೆಯಾ ಅಂತ ಬೆರಳು ಹಾಕಿ ನೋಡಿ. ವಾಲ್ವ್‌ನ ಪುಟ್ಟ ಹಿಡಿಕೆ ಪೈಪಿನ ಉದ್ದಕ್ಕೆ ಇದ್ದರೆ ತೆರೆದಿದೆ, ಅಡ್ಡ ಇದ್ದರೆ ಬಂದ್. ನೀರೇ ಬರ್ತಿಲ್ಲ ಅನ್ನುವ ದೂರಿಗೆ ಎಷ್ಟೋ ಸಲ ಇಷ್ಟೇ ಔಷಧ.

ಹೊಲಸು ನೀರು ಹೋಗುವ ಪೈಪಿನದ್ದು ದೊಡ್ಡ ಕಥೆ. ಆಲಮಟ್ಟಿ ಹಿನ್ನೀರಿನಿಂದಾಗಿ ಹಳೇ ಬಾಗಲಕೋಟೆಯ ಮನೆ ಬಿಟ್ಟು ನಾವು ನವನಗರಕ್ಕೆ ಬಂದಾಗ ಅಮ್ಮ ಮೊದಲು ನೋಡಿದ್ದು ಬಚ್ಚಲ ನೀರು ಎತ್ತ ಹರಿಯುತ್ತದೆ ಅಂತ. ನಾನು ಮಾತ್ರ ನನ್ನ ಮೊದಲ ಮಷೀನು ಕೂಡಿಸುವಾಗ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ನೋಡಿದ್ದೆ. ಪೈಪನ್ನು ಸಿಂಕಿನ ಕೆಳಗಿನ ಕೊಳವೆಗೆ ಇರುವ ಮೂತಿಗೆ ಸಿಕ್ಕಿಸಿ, ಕ್ಲಿಪ್ ಬಿಗಿದು, ಮಷೀನು ಒಳಗೆ ತಳ್ಳಿ, ಸ್ಕ್ರೂ ಹಾಕಿ, ಅಡಿಯ ಪಟ್ಟಿಯನ್ನೂ ಕೂಡಿಸಿ ಆನ್ ಮಾಡಿದೆ. ಕಾಲು ಗಂಟೆಗೆ ಮಷೀನು ಗೊರ್ರ್ ಅಂತ ನಿಂತಿತು. ಒಳಗೆ ನೀರು ಹಾಗೇ ಇದೆ. ಎಲ್ಲಾ ಬಿಚ್ಚಿ, ಕ್ಲಿಪ್ ಸಡಿಲಿಸಿ, ಟಾರ್ಚ್ ಹಿಡಿದು ಮೂತಿಯೊಳಗೆ ನೋಡಿದರೆ ಒಂದು ರೂಪಾಯಿ ನಾಣ್ಯದಷ್ಟು ಬಿಳಿ ಪ್ಲಾಸ್ಟಿಕ್ ಬಿಲ್ಲೆ ಅಡ್ಡ ಕೂತಿದೆ. ಮಷೀನು ಇಲ್ಲದ ಮನೆಯಲ್ಲಿ ನೀರು ಸೋರಬಾರದು ಅಂತ ಆ ಮೂತಿಯನ್ನು ಮುಚ್ಚಿಯೇ ಮಾಡಿರುತ್ತಾರೆ. ಚಾಕುವಿನಿಂದ ಕೊರೆದು ತೆಗೆದ ಮೇಲೆ ಎಲ್ಲಾ ಸರಿಹೋಯಿತು. ಒಂದು ನಿಮಿಷದ ಕೆಲಸಕ್ಕೆ ಇಡೀ ಶನಿವಾರ ಹೋಗಿತ್ತು.

ಅದೇ ಪೈಪನ್ನು ನೇರ ನೆಲದ ಮೇಲೆ ಎಳೆಯಬೇಡಿ. ಒಮ್ಮೆ ಕಟ್ಟೆಯ ಕಲ್ಲಿನ ಕೆಳಮೈ ತನಕ ಮೇಲಕ್ಕೆ ಏರಿಸಿ, ಕಟ್ಟಿ, ಆಮೇಲೆ ಮೂತಿಗೆ ಇಳಿಸಿ. ಇಲ್ಲದಿದ್ದರೆ ಸಿಂಕಿನಲ್ಲಿ ಕೈ ತೊಳೆದ ನೀರು ವಾಪಸ್ ಮಷೀನಿಗೆ ಬರುತ್ತದೆ. ತಳ್ಳುವಾಗ ಪೈಪು ಮಡಚಿಕೊಳ್ಳದಂತೆ ಒಬ್ಬರು ಪಕ್ಕದ ಕಪಾಟಿನಿಂದ ಎಳೆಯುತ್ತಾ ಇರಬೇಕು. ಕಟ್ಟೆಗೆ ಸ್ಕ್ರೂ ಬಿಗಿಯುವ ತನಕ ಎರಡೂ ಜಾಲರಿ ಒಟ್ಟಿಗೆ ಎಳೆಯಬೇಡಿ, ಮಷೀನು ಮುಂದಕ್ಕೆ ವಾಲುತ್ತದೆ.

ಇನ್ನು ನಮ್ಮ ಅಡುಗೆ. ಶೇಂಗಾ ಸಿಪ್ಪೆ, ಕರಿಬೇವು, ಎಣ್ಣೆಗಾಯಿಯ ಮಸಾಲೆ ಎಲ್ಲಾ ಹೋಗಿ ಕೂರುವುದು ತಳದ ಫಿಲ್ಟರಿನಲ್ಲಿ. ಎಡಕ್ಕೆ ತಿರುಗಿಸಿದರೆ ಅದು ಕೈಗೆ ಬರುತ್ತದೆ. ವಾರಕ್ಕೊಮ್ಮೆ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ಮೇಲಿನ ಬಟ್ಟಲು ತೊಳೆದಿಲ್ಲ ಅಂದರೆ ನೀರು ಚಿಮ್ಮುವ ರೆಕ್ಕೆ ತೆಗೆದು ಬೆಳಕಿಗೆ ಹಿಡಿಯಿರಿ. ತೂತಿನಲ್ಲಿ ಕರಿ ಚುಕ್ಕೆ ಕಂಡರೆ ಅದು ಒಗ್ಗರಣೆಯ ಸಾಸಿವೆ. ಆ ತೂತಿನ ಅಳತೆಗೇ ಬೆಳೆದಂತೆ ಕೂತಿರುತ್ತದೆ, ಪಿನ್ನಿನಿಂದ ಎತ್ತಬೇಕು. ಫಿಲ್ಟರ್ ತೊಳೆದ ಮೇಲೂ ನೀರು ನಿಂತರೆ, ಕರೆಂಟ್ ತೆಗೆದು, ನೀರು ಮೊಗೆದು, ತಳದ ಪಂಪಿನ ಮುಚ್ಚಳ ತೆಗೆದು ನೋಡಿ. ಒಡೆದ ಗಾಜು ಇರಬಹುದು, ಬರಿಗೈ ಹಾಕಬೇಡಿ.

ಉಪ್ಪಿನ ಮಾತು ಹೇಳಿದರೆ ಎಲ್ಲರೂ ನಗುತ್ತಾರೆ. ನಮ್ಮ ಬೋರಿನ ಸವಳು ನೀರಿಗೆ ಕೊಡದ ಅಂಚು ಬೆಳ್ಳಗಾಗುತ್ತದಲ್ವಾ, ಲಂಡನ್ ಸುತ್ತಲಿನ ನೀರೂ ಹಾಗೇ ಗಡಸು. ಸ್ಕಾಟ್ಲೆಂಡ್, ಮ್ಯಾಂಚೆಸ್ಟರ್ ಕಡೆ ಮೆದು. ಗಡಸು ನೀರನ್ನು ಮೆದು ಮಾಡುವ ರಾಳದ ಡಬ್ಬಿ ಮಷೀನಿನೊಳಗೇ ಇದೆ, ಅದು ಕೆಲಸ ಮಾಡಲು ಉಪ್ಪು ಬೇಕು. ಅಡುಗೆ ಉಪ್ಪಲ್ಲ, ಅದರಲ್ಲಿ ಗಟ್ಟಿಯಾಗದಂತೆ ಬೆರೆಸುವ ಪುಡಿ ಇರುತ್ತದೆ. ಡಿಶ್‌ವಾಷರ್ ಉಪ್ಪು ಅಂತಲೇ ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುತ್ತದೆ. ಮೊದಲ ಸಲ ಮಷೀನಿನ ತಳದ ಉಪ್ಪಿನ ಡಬ್ಬಿಗೆ ನೀರು ತುಂಬಿ, ಆಮೇಲೆ ಉಪ್ಪು ಸುರಿದು, ಮುಚ್ಚಳ ಬಿಗಿದು, ತಕ್ಷಣ ಮಷೀನು ಓಡಿಸಿ. ಚೆಲ್ಲಿದ ಉಪ್ಪು ನೀರು ಹಾಗೇ ಬಿಟ್ಟರೆ ತುಕ್ಕು ಹಿಡಿಯುತ್ತದೆ. ನಿಮ್ಮ ಏರಿಯಾದ ನೀರು ಎಷ್ಟು ಗಡಸು ಅಂತ ನೀರಿನ ಕಂಪನಿಯ ತಾಣದಲ್ಲಿ ಪೋಸ್ಟ್‌ಕೋಡ್ ಹಾಕಿದರೆ ಬರುತ್ತದೆ, ಆ ಅಂಕಿಗೆ ತಕ್ಕಂತೆ ಮಷೀನಿನಲ್ಲಿ ಸೆಟ್ ಮಾಡಿ. ಕೈಯಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ಮಾತ್ರ ಎಂದೂ ಹಾಕಬೇಡಿ, ನೊರೆ ಅಡುಗೆಮನೆ ದಾಟಿ ಬರುತ್ತದೆ.

ಊರಿನಿಂದ ಒಯ್ಯುವ ಕಬ್ಬಿಣದ ರೊಟ್ಟಿ ಹಂಚು, ಲಟ್ಟಣಿಗೆ, ಹಿತ್ತಾಳೆ, ಅಲ್ಯೂಮಿನಿಯಂ ಕುಕ್ಕರ್ ಇವನ್ನೆಲ್ಲ ಒಳಗಿಡಬೇಡಿ. ಹಂಚು ತುಕ್ಕು, ಕುಕ್ಕರ್ ಕಪ್ಪು. ಸ್ಟೀಲ್ ಗಂಗಾಳಕ್ಕೆ ಏನೂ ಆಗಲ್ಲ.

ನೀರು, ಕರೆಂಟ್ ಉಳಿಸುವ ಇಕೋ ಪ್ರೋಗ್ರಾಮ್ ಇಟ್ಟರೆ ಮೂರು ತಾಸಿಗೂ ಮೇಲೆ ಓಡುತ್ತದೆ, ಸುಮ್ನೆ ಗಾಬರಿಯಾಗಿ ನಡುವೆ ನಿಲ್ಲಿಸಬೇಡಿ. ಬಾಷ್ ಕಂಪನಿಯ ಮಷೀನಿನ ಪರದೆಯಲ್ಲಿ ಇ24 ಅಂತ ಬಂದರೆ ನೀರು ಹೊರಹೋಗುತ್ತಿಲ್ಲ ಅಂತ, ಮೇಲೆ ಹೇಳಿದ್ದೇ ಮಾಡಿ. ಇ15 ಬಂದರೆ ತಳದ ತಟ್ಟೆಗೆ ನೀರು ಸೋರಿದೆ. ಪ್ಲಗ್ ಕಿತ್ತು ನಳ ಬಂದ್ ಮಾಡಿ ಮೊದಲು. ಆ ನೀರು ಒಣಗಿಸಿದರೆ ಮಷೀನು ಮತ್ತೆ ಓಡುತ್ತದೆ, ಆದರೆ ಸೋರುವ ಜಾಗ ಸಿಗದಿದ್ದರೆ ರಿಪೇರಿಯವನನ್ನು ಕರೆಯುವುದೇ ಸರಿ.

ಅಮ್ಮನಿಗೂ ಒಂದು ಮಷೀನು ತರಿಸಿದ್ದೇನೆ. "ಎರಡು ಮಂದಿ ಭಾಂಡೆಕ್ಕ ಇಷ್ಟ್ ದೊಡ್ಡ ಪೆಟಗಿ ಯಾಕೋ?" ಅಂತ ದಿನಾ ಕೇಳುತ್ತಿದ್ದಾಳೆ. ಈ ಭಾನುವಾರ ಹತ್ತಕ್ಕೆ ಕೂಡಿಸುತ್ತೇನೆ. ಹೊರಟವರು ಬಂದು ಕೈ ಹಚ್ಚಿ, ಚುರುಮುರಿ ಮಿರ್ಚಿ ಮಾಡಿಸಿರುತ್ತೇನೆ. ಬರುವಾಗ ಒಂದು ಟಾರ್ಚ್ ಇರಲಿ.